‘ದೊರೆ’ ಕಾರ್ಟರ್ ಮನೆತನದ ಬೇರು ಹುಡುಕುತ್ತ

ಅಮೆರಿಕದ ಪೂರ್ವ ಕರಾವಳಿಯ ವರ್ಜೀನಿಯಾ ರಾಜ್ಯದಲ್ಲಿ ಲ್ಯಾಂಕಾಸ್ಟರ್ ಎಂಬ ಕೌಂಟಿ ಇದೆ. ನಮ್ಮ ಲೆಕ್ಕದಲ್ಲಿ ಒಂದು ಸಣ್ಣ ತಾಲ್ಲೂಕು ಎನ್ನಬಹುದು. ಅಲ್ಲಿ ರಾಪಹ್ಯಾನಕ್ ನದಿಯಿಂದ ತುಸು ದೂರದಲ್ಲಿ ಇಟ್ಟಿಗೆಯಿಂದ ಕಟ್ಟಿದ ಹಳೆಯ ಕ್ರೈಸ್ಟ್ ಚರ್ಚ್ ನಿಂತಿದೆ. ಅದರ ಒಳಗೆ ನೆಲಕ್ಕೆ ಹಾಸಿದ ಒಂದು ಸಮಾಧಿಕಲ್ಲು. 1669ರಲ್ಲಿ ತೀರಿಕೊಂಡ ಜಾನ್ ಕಾರ್ಟರ್ ಎಂಬಾತನ ಜೊತೆಗೆ ಅವನ ಹೆಂಡತಿಯರ ಹೆಸರನ್ನೂ ಅದರಲ್ಲಿ ಕೊರೆಯಲಾಗಿದೆ. ಒಬ್ಬರಲ್ಲ, ನಾಲ್ವರು. ಒಬ್ಬರಾದ ಮೇಲೆ ಒಬ್ಬರಂತೆ ಆತನನ್ನು ಮದುವೆಯಾಗಿ ಆತನಿಗಿಂತ ಮುಂಚೆಯೇ ಸತ್ತವರು. ಐದನೆಯ ಹೆಂಡತಿಯೊಬ್ಬಳಿದ್ದಳು. ಆಕೆ ಗಂಡನ ನಂತರವೂ ಬದುಕಿದ್ದುದರಿಂದ ಕಲ್ಲಿನಲ್ಲಿ ಆಕೆಗೆ ಜಾಗ ಸಿಕ್ಕಿಲ್ಲ. ಕಲ್ಲನ್ನೇ ನಂಬಿ ವಂಶವೃಕ್ಷ ಬರೆಯಲು ಹೊರಟವನು ಮೊದಲ ಮೆಟ್ಟಿಲಲ್ಲೇ ಎಡವುತ್ತಾನೆ.

ಅಮೆರಿಕದಲ್ಲಿ ವಂಶಾವಳಿ ಹುಡುಕುವುದು ಲಕ್ಷಾಂತರ ಜನರ ಹವ್ಯಾಸ. ನಮ್ಮಲ್ಲಾದರೆ ಎತ್ತಿನ ಮೇಲೆ ಕುಳಿತು ಬರುವ ಹೆಳವರು ಏಳು ತಲೆಮಾರಿನ ಹೆಸರನ್ನು ಹಾಡಿ ಒಪ್ಪಿಸಿ ಕಾಳುಕಡ್ಡಿ ಪಡೆದು ಹೋಗುತ್ತಿದ್ದರು. ಹಡಗು ಹತ್ತಿ ಬಂದವರ ನಾಡಿನಲ್ಲಿ ಹೆಳವರೆಲ್ಲಿ? ಅಲ್ಲಿ ಕೋರ್ಟಿನ ದಫ್ತರ, ಉಯಿಲು, ಭೂಮಿಯ ಪಟ್ಟಾ, ಚರ್ಚಿನ ದೀಕ್ಷಾಸ್ನಾನದ ಪುಸ್ತಕ, ಮನೆಯ ಬೈಬಲಿನ ಖಾಲಿ ಪುಟದಲ್ಲಿ ಬರೆದಿಟ್ಟ ಹುಟ್ಟುಸಾವುಗಳೇ ಹೆಳವರು. ಹಾಗೆ ಹುಡುಕಿದವರಿಗೆ ಅತಿ ಹೆಚ್ಚು ಕಾಗದ ಸಿಕ್ಕಿರುವ ಮನೆತನಗಳಲ್ಲಿ ವರ್ಜೀನಿಯಾದ ಕಾರ್ಟರ್ ಮನೆತನ ಒಂದು. ಅದೇ ಕಾಗದದಲ್ಲಿ ಇನ್ನೊಂದು ವಂಶಾವಳಿಯೂ ಅಡಗಿದೆ ಎಂಬುದು ಬಹಳ ಕಾಲ ಯಾರ ಗಮನಕ್ಕೂ ಬಂದಿರಲಿಲ್ಲ.

ಪ್ಲಾಂಟರ್ ಎಂದೊಡನೆ ನಮಗೆ ಕೊಡಗು, ಚಿಕ್ಕಮಗಳೂರಿನ ಕಾಫಿ ಎಸ್ಟೇಟುಗಳು ನೆನಪಾಗುತ್ತವೆ. ವರ್ಜೀನಿಯಾದ ಪ್ಲಾಂಟರನ ಬೆಳೆ ಹೊಗೆಸೊಪ್ಪು. ಹುಣಸೂರು, ಪಿರಿಯಾಪಟ್ಟಣದ ರೈತರು ಬೆಳೆದು ಬ್ಯಾರನ್ನಿನಲ್ಲಿ ಹದ ಮಾಡುವ ತಂಬಾಕಿಗೂ ‘ವರ್ಜೀನಿಯಾ’ ಎಂದೇ ಹೆಸರು. ಹದಿನೇಳನೆಯ ಶತಮಾನದಲ್ಲಿ ಆ ಸೊಪ್ಪು ಇಂಗ್ಲೆಂಡಿನ ಮಾರುಕಟ್ಟೆಯಲ್ಲಿ ಹಣವಾಗಿತ್ತು. ಕಡಲಾಚೆಯ ವರ್ಜೀನಿಯಾದಲ್ಲಿ ಭೂಮಿ ಧಾರಾಳವಾಗಿತ್ತು. ಇಲ್ಲದ್ದು ದುಡಿಯುವ ಕೈ ಮಾತ್ರ.

ಕೈಗಳನ್ನು ತರಿಸಲು ಸರ್ಕಾರ ಒಂದು ಉಪಾಯ ಮಾಡಿತ್ತು. ಹಡಗಿನ ಖರ್ಚು ಕೊಟ್ಟು ಒಬ್ಬ ಮನುಷ್ಯನನ್ನು ಕರೆತಂದರೆ ತಲೆಗೆ 50 ಎಕರೆ ಭೂಮಿ. ಹತ್ತು ಜನರನ್ನು ತಂದರೆ 500 ಎಕರೆ. ಪಟ್ಟಾ ಪಡೆಯುವಾಗ ತಂದವರ ಹೆಸರನ್ನು ಬರೆಸಬೇಕಿತ್ತು. ಇಂದು ವಂಶಾವಳಿ ಹುಡುಕುವವರು ಮುಗಿಬೀಳುವುದು ಈ ಪಟ್ಟಿಗಳ ಮೇಲೆ. ಆದರೆ ಇದರಲ್ಲೂ ಮೋಸವಿದೆ. ಈ ಹಕ್ಕನ್ನು ಮಾರಬಹುದಿತ್ತು, ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಟ್ಟು ಆಮೇಲೆ ಬಳಸಬಹುದಿತ್ತು. ಒಂದೇ ಹೆಸರು ಎರಡು ಪಟ್ಟಾಗಳಲ್ಲಿ ಕಾಣಿಸುವುದೂ ಉಂಟು. ಪಟ್ಟಾದ ತಾರೀಖು ಮನುಷ್ಯ ಬಂದಿಳಿದ ತಾರೀಖಲ್ಲ. ಇದು ತಿಳಿಯದೆ ಎಷ್ಟೋ ಜನ ತಮ್ಮ ಪೂರ್ವಜನನ್ನು ತಪ್ಪು ಹಡಗಿಗೆ ಹತ್ತಿಸಿದ್ದಾರೆ.

ಜಾನ್ ಕಾರ್ಟರ್ 1630ರ ದಶಕದಲ್ಲಿ ಇಂಗ್ಲೆಂಡಿನಿಂದ ಬಂದು, ಭೂಮಿ ಮಾಡಿ, ಶಾಸನಸಭೆಗೂ ಸೇರಿ, ಕೊರೊಟೊಮನ್ ಎಂಬಲ್ಲಿ ನೆಲೆಯೂರಿದ. ಅವನು ಸತ್ತಾಗ ಹಿರಿಯ ಮಗನ ಪಾಲಿಗೆ ಆಸ್ತಿ ಬಂತು. ಆ ಮಗನೂ 1690ರಲ್ಲಿ ಸತ್ತ. ಆಗ ಎಲ್ಲ ಬಂದು ಬಿದ್ದದ್ದು ಸಾರಾ ಲಡ್ಲೋ ಎಂಬ ಹೆಂಡತಿಯ ಮಗ ರಾಬರ್ಟನ ಕೈಗೆ. ಜನ ಅವನನ್ನು ‘ಕಿಂಗ್’ ಕಾರ್ಟರ್, ದೊರೆ ಕಾರ್ಟರ್ ಎಂದೇ ಕರೆದರು.

ದೊರೆ ಎಂಬುದು ಅರ್ಧ ಹೊಗಳಿಕೆ, ಅರ್ಧ ಭಯ. ಲಾರ್ಡ್ ಫೇರ್‌ಫ್ಯಾಕ್ಸ್ ಮನೆತನದ ಕೈಯಲ್ಲಿದ್ದ ‘ನಾರ್ದರ್ನ್ ನೆಕ್’ ಎಂಬ ಭಾರಿ ಜಹಗೀರಿಗೆ ರಾಬರ್ಟ್ ಎರಡು ಬಾರಿ ಏಜೆಂಟನಾಗಿದ್ದ. ಭೂಮಿ ಹಂಚುವ ಅಧಿಕಾರ ಅವನದು. ಹಂಚಿದ್ದರಲ್ಲಿ ದೊಡ್ಡ ಪಾಲು ತನ್ನ ಮಕ್ಕಳಿಗೆ, ಮೊಮ್ಮಕ್ಕಳಿಗೆ. ಶ್ಯಾನುಭೋಗರೇ ಖಾತೆ ತಿದ್ದಿಕೊಂಡಂತೆ ಎನ್ನೋಣ. 1732ರ ಆಗಸ್ಟಿನಲ್ಲಿ ಅವನು ಸತ್ತಾಗ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆ ಅವನ ಆಸ್ತಿಯನ್ನು ಹೀಗೆ ವರದಿ ಮಾಡಿತು: ಸುಮಾರು 3 ಲಕ್ಷ ಎಕರೆ ಭೂಮಿ, 1,000 ಗುಲಾಮರು, 10,000 ಪೌಂಡ್ ನಗದು.

ಈ ಮನೆತನದ ಮಗಳಂದಿರು ಮದುವೆಯಾಗಿ ಹೋದ ಮನೆಗಳನ್ನು ನೋಡಿದರೆ ಅಮೆರಿಕದ ಇತಿಹಾಸದ ಪಠ್ಯಪುಸ್ತಕ ತೆರೆದಂತಾಗುತ್ತದೆ. ಮಗಳು ಆ್ಯನ್ ಹ್ಯಾರಿಸನ್ ಮನೆಗೆ ಸೊಸೆಯಾದಳು. ಆಕೆಯ ಮಗ ಬೆಂಜಮಿನ್ ಹ್ಯಾರಿಸನ್ 1776ರ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬ. ಮೊಮ್ಮಗ ವಿಲಿಯಂ ಹೆನ್ರಿ ಹ್ಯಾರಿಸನ್ 1841ರಲ್ಲಿ ಅಧ್ಯಕ್ಷನಾಗಿ ಒಂದೇ ತಿಂಗಳಲ್ಲಿ ತೀರಿಕೊಂಡ. ಅವನ ಮೊಮ್ಮಗ ಇನ್ನೊಬ್ಬ ಬೆಂಜಮಿನ್ ಹ್ಯಾರಿಸನ್ 1889ರಿಂದ 1893ರವರೆಗೆ ಅಧ್ಯಕ್ಷ. ಇನ್ನೊಬ್ಬ ಮಗಳು ಮೇರಿಯ ಮಗ ಕಾರ್ಟರ್ ಬ್ರ್ಯಾಕ್ಸ್‌ಟನ್ ಕೂಡ ಅದೇ ಘೋಷಣೆಗೆ ಸಹಿ ಹಾಕಿದ್ದಾನೆ. ಹಿರಿಯ ಮಗ ಜಾನನ ಮೊಮ್ಮಗಳು ಆ್ಯನ್ ಹಿಲ್ ಕಾರ್ಟರಳ ಮಗ ರಾಬರ್ಟ್ ಇ. ಲೀ. ಅಂತರ್ಯುದ್ಧದಲ್ಲಿ ದಕ್ಷಿಣದ ಸೇನೆಯನ್ನು ನಡೆಸಿದವನು ಅವನೇ.

ಓದುಗರಿಗೆ ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಅಧ್ಯಕ್ಷ ಜಿಮ್ಮಿ ಕಾರ್ಟರ್ ಇದೇ ಮನೆಯವರೇ? 1978ರಲ್ಲಿ ಭಾರತಕ್ಕೆ ಬಂದು ಹರಿಯಾಣದ ಹಳ್ಳಿಯೊಂದಕ್ಕೆ ‘ಕಾರ್ಟರ್‌ಪುರಿ’ ಎಂಬ ಹೆಸರು ಬರಲು ಕಾರಣರಾದವರು ಅವರು. ಅವರ ವಂಶವನ್ನು ವರ್ಜೀನಿಯಾದ ಐಲ್ ಆಫ್ ವೈಟ್ ಕೌಂಟಿಯ ಥಾಮಸ್ ಕಾರ್ಟರ್ ಎಂಬ ಬೇರೆಯೇ ವಲಸಿಗನಿಗೆ ಕೂಡಿಸುತ್ತಾರೆ. ಸಾಲದೆಂಬಂತೆ ಲ್ಯಾಂಕಾಸ್ಟರಿನಲ್ಲೇ ದೊರೆಯ ತಂದೆಯ ಕಾಲದಲ್ಲಿ ಮತ್ತೊಬ್ಬ ಥಾಮಸ್ ಕಾರ್ಟರ್ ಇದ್ದ. ಅವನಿಗೂ ಜಾನನಿಗೂ ರಕ್ತಸಂಬಂಧವಿತ್ತೆಂದು ಹೇಳುವವರು ಬಹಳ, ಪುರಾವೆ ತಂದವರಿಲ್ಲ. ಕಾರ್ಟರ್ ಎಂದರೆ ಮೂಲದಲ್ಲಿ ಗಾಡಿ ಹೊಡೆಯುವವನು. ಗಾಡಿ ಎಲ್ಲ ಊರಿನಲ್ಲೂ ಇರುತ್ತದೆ. ಹೆಸರು ಒಂದೇ ಆದ ಮಾತ್ರಕ್ಕೆ ಮನೆತನ ಒಂದೇ ಎನ್ನಲಾಗದು.

ಹೆಸರಿನ ಗೊಂದಲ, ತಾರೀಖಿನ ತಂಟೆ

ಒಂದೇ ಮನೆಯೊಳಗಿನ ಗೊಂದಲವೂ ಕಡಿಮೆಯಲ್ಲ. ಅಪ್ಪ ರಾಬರ್ಟ್, ಮಗ ರಾಬರ್ಟ್, ಮೊಮ್ಮಗನೂ ರಾಬರ್ಟ್. ಜಾನ್, ಚಾರ್ಲ್ಸ್, ಲ್ಯಾಂಡನ್‌ಗಳೂ ಹಾಗೆಯೇ ತಲೆಮಾರಿಗೊಮ್ಮೆ ಮರಳಿ ಬರುತ್ತಾರೆ. ಹೀಗಾಗಿ ಮಲೆನಾಡಿನಲ್ಲಿ ಮೇಲಿನಮನೆ, ಕೆಳಗಿನಮನೆ ಎಂದು ಗುರುತಿಸುವಂತೆ ಇವರನ್ನೂ ಮನೆಯ ಹೆಸರು ಹಿಡಿದೇ ಗುರುತಿಸುತ್ತಾರೆ: ನೊಮಿನಿ ಹಾಲ್‌ನ ರಾಬರ್ಟ್, ಸಬೀನ್ ಹಾಲ್‌ನ ಲ್ಯಾಂಡನ್, ಶರ್ಲಿಯ ಚಾರ್ಲ್ಸ್. ಸೋದರ ಸಂಬಂಧದಲ್ಲೇ ಮದುವೆಗಳೂ ನಡೆಯುತ್ತಿದ್ದುದರಿಂದ ಒಬ್ಬಳೇ ಹೆಂಗಸು ವಂಶವೃಕ್ಷದ ಎರಡು ಕೊಂಬೆಗಳಲ್ಲಿ ಕುಳಿತಿರುತ್ತಾಳೆ. ಭೂಮಿ ಹೊರಗೆ ಹೋಗಬಾರದೆಂಬ ಲೆಕ್ಕ ನಮ್ಮವರಿಗೂ ಹೊಸದಲ್ಲ.

ತಾರೀಖಿನದು ಇನ್ನೊಂದು ಕಥೆ. 1752ರವರೆಗೆ ಇಂಗ್ಲೆಂಡಿನಲ್ಲೂ ಅದರ ವಸಾಹತುಗಳಲ್ಲೂ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಮೂರನೆಯ ರಾಬರ್ಟ್ ಕಾರ್ಟರ್ ಹುಟ್ಟಿದ ಫೆಬ್ರವರಿ ಅಂದಿನವರಿಗೆ 1727, ನಮಗೆ 1728. ಇದು ಗೊತ್ತಿಲ್ಲದವರ ವಂಶವೃಕ್ಷದಲ್ಲಿ ಮದುವೆಗೆ ಮೊದಲೇ ಮಕ್ಕಳು ಹುಟ್ಟಿಬಿಡುತ್ತವೆ.

ಕಾಗದ ಉಳಿಯುವುದಕ್ಕೂ ಅದೃಷ್ಟ ಬೇಕು. ಅಂತರ್ಯುದ್ಧದ ಕಾಲದಲ್ಲಿ ಹಲವು ಕೌಂಟಿಗಳವರು ತಮ್ಮ ದಫ್ತರಗಳನ್ನು ಭದ್ರವಾಗಿರಲಿ ಎಂದು ರಾಜಧಾನಿ ರಿಚ್ಮಂಡಿಗೆ ಕಳಿಸಿದ್ದರು. 1865ರ ಏಪ್ರಿಲಿನಲ್ಲಿ ನಗರ ಕೈಬಿಟ್ಟಾಗ ಎದ್ದ ಬೆಂಕಿಯಲ್ಲಿ ಅವೆಲ್ಲ ಬೂದಿಯಾದವು. ಜೇಮ್ಸ್ ಸಿಟಿಯಂಥ ಅತಿ ಹಳೆಯ ಕೌಂಟಿಗಳ ಚರಿತ್ರೆ ಹಾಗೆ ಹೋಯಿತು. ಲ್ಯಾಂಕಾಸ್ಟರಿನ ದಾಖಲೆಗಳು ಮಾತ್ರ 1650ರ ದಶಕದಿಂದ ಇಂದಿನವರೆಗೆ ಉಳಿದು ಬಂದಿವೆ. ಕಾರ್ಟರ್ ಮನೆತನ ಸುಲಭವಾಗಿ ಕೈಗೆ ಸಿಗುವುದಕ್ಕೆ ಅದರ ದೊಡ್ಡಸ್ತಿಕೆಯಷ್ಟೇ ಈ ಅದೃಷ್ಟವೂ ಕಾರಣ.

ಇನ್ನೊಂದು ವಂಶಾವಳಿ

ಅದೇ ಲ್ಯಾಂಕಾಸ್ಟರ್ ಕೋರ್ಟಿನ 1708ರ ದಾಖಲೆಯಲ್ಲಿ ಎರಡು ಹೆಸರುಗಳಿವೆ. ಬಂಬಾರಾ ಹ್ಯಾರಿ ಮತ್ತು ಡೈನಾ. ಇಬ್ಬರೂ ರಾಬರ್ಟ್ ಕಾರ್ಟರನ ಗುಲಾಮರು. ಮೇಲಿಂದ ಮೇಲೆ ಓಡಿಹೋಗುತ್ತಾರೆ, ಆದ್ದರಿಂದ ಅವರ ಕಾಲ್ಬೆರಳು ಕತ್ತರಿಸಲು ಅನುಮತಿ ಬೇಕು ಎಂದು ಧಣಿ ಕೇಳಿದ, ಕೋರ್ಟು ಕೊಟ್ಟಿತು. 1705ರ ಕಾನೂನಿನಲ್ಲಿ ಅದಕ್ಕೆ ಅವಕಾಶವಿತ್ತು. ಬಂಬಾರಾ ಎಂಬುದು ಪಶ್ಚಿಮ ಆಫ್ರಿಕದ ಒಂದು ಜನಾಂಗದ ಹೆಸರು. ವ್ಯಾಪಾರಿಗಳು ಅಂಟಿಸುತ್ತಿದ್ದ ಇಂಥ ಹಣೆಪಟ್ಟಿಗಳನ್ನು ಪೂರ್ತಿ ನಂಬುವಂತಿಲ್ಲ. ಆದರೂ ಎಲ್ಲಿಂದ ಬಂದ ಮನುಷ್ಯ ಎಂಬುದಕ್ಕೆ ಹ್ಯಾರಿಯ ಪಾಲಿಗೆ ಉಳಿದಿರುವ ಸುಳಿವು ಅದೊಂದೇ. ಡೈನಾಳ ಹೆಸರಿನಲ್ಲಿ ಅಷ್ಟೂ ಇಲ್ಲ.

ಆಫ್ರಿಕದಿಂದ ಬಂದವರಿಗೆ ಅವರದೇ ಹೆಸರುಗಳು ಇರಲಿಲ್ಲವೇ? ಇದ್ದವು. 1727ರಲ್ಲಿ ರಾಬರ್ಟ್ ಕಾರ್ಟರ್ ತನ್ನ ಮೇಲ್ವಿಚಾರಕನೊಬ್ಬನಿಗೆ ಬರೆದ ಪತ್ರದಲ್ಲಿ, ಹೊಸದಾಗಿ ಕೊಂಡವರಿಗೆ ತಾನೇ ಹೆಸರಿಟ್ಟು, ಕೂಗಿದರೆ ಓಗೊಡುವವರೆಗೂ ಆ ಹೆಸರುಗಳನ್ನು ಮತ್ತೆ ಮತ್ತೆ ಹೇಳಿ ರೂಢಿ ಮಾಡಿಸಿದ್ದನ್ನು ವಿವರಿಸುತ್ತಾನೆ. ಕೊಟ್ಟಿಗೆಗೆ ಬಂದ ಹೊಸ ಎತ್ತಿಗೆ ಹೆಸರು ಕಲಿಸುವ ರೀತಿ. ವಂಶಾವಳಿ ಹುಡುಕುವವನಿಗೆ ಆ ಪತ್ರ ಒಂದು ಗೋಡೆ. ಅದರಾಚೆಗೆ ಕಾಗದದ ದಾರಿ ಹೋಗುವುದಿಲ್ಲ.

ಈಚೆಗೆ ಮಾತ್ರ ಹೋಗುತ್ತದೆ. ದೊರೆ ಸತ್ತ ನಂತರ, 1733ರಲ್ಲಿ, ಅವನ ಚರಾಸ್ತಿಯ ಪಟ್ಟಿ ಮಾಡಿದರು. ದನಕರು, ಪೀಠೋಪಕರಣಗಳಂತೆ ಗುಲಾಮರನ್ನೂ ಒಂದೊಂದು ತೋಟದ ಹೆಸರಿನ ಕೆಳಗೆ ಬರೆದರು. ಏಳುನೂರಕ್ಕೂ ಮಿಕ್ಕಿ ಜನ. ಅನೇಕ ಕಡೆ ಗಂಡ, ಹೆಂಡತಿ, ಮಕ್ಕಳು ಒಟ್ಟಿಗೇ ಇದ್ದಾರೆ. ಪಟ್ಟಿ ಮಾಡಿದವರ ಉದ್ದೇಶ ಪಾಲು ಹಂಚುವುದು. ಆದರೆ ಮೂರು ಶತಮಾನದ ನಂತರ ಅದೇ ಒಂದು ಸಮುದಾಯದ ಮನೆವಾರ್ತೆಯ ಪುಸ್ತಕವಾಗಿದೆ.

ಗುಲಾಮರ ವಂಶಾವಳಿ ತಾಯಿಯ ಕಡೆಯಿಂದಲೇ ಹೋಗುತ್ತದೆ ಎಂಬುದನ್ನೂ ಇಲ್ಲಿ ಹೇಳಬೇಕು. 1662ರಲ್ಲಿ ವರ್ಜೀನಿಯಾದ ಶಾಸನಸಭೆ ಒಂದು ಕಾನೂನು ಮಾಡಿತು. ಮಗು ಸ್ವತಂತ್ರವೋ ಗುಲಾಮವೋ ಎಂಬುದನ್ನು ತಾಯಿಯನ್ನು ನೋಡಿ ತೀರ್ಮಾನಿಸಬೇಕು. ಇಂಗ್ಲೆಂಡಿನಲ್ಲಿ ಮಗುವಿಗೆ ತಂದೆಯ ಸ್ಥಾನ ಬರುತ್ತಿತ್ತು, ಇಲ್ಲಿ ಅದನ್ನು ತಿರುಗಿಸಿದರು. ನಮ್ಮ ಕರಾವಳಿಯ ಅಳಿಯಕಟ್ಟಿನಲ್ಲಿ ತಾಯಿಯ ಕಡೆಯಿಂದ ಆಸ್ತಿ ಬರುತ್ತದೆ. ಈ ಕಾನೂನಿನಲ್ಲಿ ತಾಯಿಯಿಂದ ಬರುತ್ತಿದ್ದುದು ಸಂಕೋಲೆ. ಧಣಿಯೇ ತಂದೆಯಾಗಿದ್ದರೂ ಮಗು ಧಣಿಯ ಆಸ್ತಿ. ಅಂಥ ತಂದೆಯ ಹೆಸರನ್ನು ಯಾವ ದಫ್ತರವೂ ಕೇಳಲಿಲ್ಲ.

ಕೆಲವೊಮ್ಮೆ ಹೆಸರುಗಳು ಸಿಟ್ಟಿನಲ್ಲೂ ದಾಖಲಾಗುತ್ತವೆ. ದೊರೆಯ ಮಗ ಸಬೀನ್ ಹಾಲ್‌ನ ಲ್ಯಾಂಡನ್ ಕಾರ್ಟರ್ ದಿನಚರಿ ಬರೆಯುವ ಮನುಷ್ಯ. ಮಳೆ, ಬೆಳೆ, ಅಜೀರ್ಣ, ಮಗನ ಮೇಲಿನ ಕೋಪ, ಎಲ್ಲ ಅದರಲ್ಲಿದೆ. 1776ರ ಜೂನ್ ಕೊನೆಯಲ್ಲಿ ಆತ ಬರೆದದ್ದು ರಾತ್ರೋರಾತ್ರಿ ಓಡಿಹೋದ ಗುಲಾಮರ ಬಗ್ಗೆ. ಮೋಸೆಸ್ ಮೊದಲಾದವರ ಹೆಸರನ್ನು ಒಂದೊಂದಾಗಿ ಬರೆದಿದ್ದಾನೆ. ದಂಗೆಕೋರ ಧಣಿಗಳನ್ನು ಬಿಟ್ಟು ಬಂದ ಗುಲಾಮರಿಗೆ ಬಿಡುಗಡೆ ಕೊಡುವುದಾಗಿ ಬ್ರಿಟಿಷ್ ಗವರ್ನರ್ ಡನ್ಮೋರ್ ಸಾರಿದ್ದ. ಇವರು ಅತ್ತ ಹೊರಟಿದ್ದರು. ಅದೇ ದಿನಗಳಲ್ಲಿ ಎಲ್ಲ ಮನುಷ್ಯರೂ ಸಮಾನರು ಎನ್ನುವ ಘೋಷಣೆ ಫಿಲಡೆಲ್ಫಿಯಾದಲ್ಲಿ ಸಿದ್ಧವಾಗುತ್ತಿತ್ತು. ಅದಕ್ಕೆ ಸಹಿ ಹಾಕಿದ ಹ್ಯಾರಿಸನ್ ಮತ್ತು ಬ್ರ್ಯಾಕ್ಸ್‌ಟನ್ ಇಬ್ಬರೂ ಲ್ಯಾಂಡನ್‌ನ ಸೋದರಳಿಯಂದಿರು.

ದಾನಪತ್ರ

ಈಗ ಮೂರನೆಯ ರಾಬರ್ಟನ ಕಡೆಗೆ ಬರೋಣ. ತಂದೆ ಮತ್ತು ತಾತ ಇಬ್ಬರೂ 1732ರಲ್ಲೇ ಸತ್ತಾಗ ಇವನಿಗೆ ನಾಲ್ಕು ವರ್ಷ. ದೊಡ್ಡವನಾದ ಮೇಲೆ ನೊಮಿನಿ ಹಾಲ್‌ನ ಧಣಿಯಾಗಿ, ಗವರ್ನರನ ಸಲಹಾ ಮಂಡಲಿಯ ಸದಸ್ಯನಾಗಿ, 17 ಮಕ್ಕಳ ತಂದೆಯಾಗಿ ಬದುಕಿದ. ತೋಟಗಳಿಗೆ ರಾಶಿಗಳ ಹೆಸರಿಟ್ಟಿದ್ದ. ಮೇಷ, ವೃಷಭ, ಮಿಥುನ, ಕರ್ಕಾಟಕ, ಸಿಂಹ ಎಂದು ಸಾಲಾಗಿ. 1773ರಲ್ಲಿ ಮಕ್ಕಳಿಗೆ ಪಾಠ ಹೇಳಲು ಬಂದ ಫಿಲಿಪ್ ಫಿತಿಯನ್ ಎಂಬ ತರುಣನ ದಿನಚರಿ ಉಳಿದಿದೆ. ಸುತ್ತಮುತ್ತಲ ಧಣಿಗಳಲ್ಲಿ ಕಾರ್ಟರನೇ ದಯಾಳು ಎಂಬ ಮಾತು ಅದರಲ್ಲಿ ಬರುತ್ತದೆ. ಆ ದಯಾಳುವಿನ ಮನೆಯ ಗುಲಾಮನೊಬ್ಬನಿಗೆ ವಾರಕ್ಕೆ ಸಿಗುತ್ತಿದ್ದುದು ಕೆಲವು ಸೇರು ಮೆಕ್ಕೆಜೋಳ, ಒಂದು ಪೌಂಡ್ ಮಾಂಸ.

1777ರಲ್ಲಿ ಜ್ವರದ ನಡುವೆ ಅವನಿಗೆ ಏನೋ ದರ್ಶನವಾಯಿತಂತೆ. ಮರುವರ್ಷ ಶ್ರೀಮಂತರ ಚರ್ಚನ್ನು ಬಿಟ್ಟು ಬ್ಯಾಪ್ಟಿಸ್ಟ್ ಪಂಥಕ್ಕೆ ಸೇರಿದ. ಗುಲಾಮರೂ ಅದೇ ಸಭೆಯ ಸದಸ್ಯರು. 1782ರಲ್ಲಿ ಧಣಿಗಳು ತಾವಾಗಿಯೇ ಗುಲಾಮರನ್ನು ಬಿಡಬಹುದು ಎಂಬ ಕಾನೂನು ಬಂತು. ಅದಕ್ಕೆ ಮುಂಚೆ ಸರ್ಕಾರದ ಅಪ್ಪಣೆಯಿಲ್ಲದೆ ಬಿಡುವಂತಿರಲಿಲ್ಲ. ವಾಷಿಂಗ್ಟನ್, ಜೆಫರ್ಸನ್‌ರಂಥವರು ಗುಲಾಮಗಿರಿ ಕೆಟ್ಟದ್ದು ಎಂದು ಪತ್ರ ಬರೆಯುತ್ತ ಕುಳಿತಿದ್ದ ಕಾಲ ಅದು. ರಾಬರ್ಟ್ ಕಾರ್ಟರ್ ಬರೆದದ್ದು ದಾನಪತ್ರ.

1791ರ ಆಗಸ್ಟ್ 1ರ ತಾರೀಖಿನ ಆ ಪತ್ರ ಸೆಪ್ಟೆಂಬರ್ 5ರಂದು ನಾರ್ತಂಬರ್ಲೆಂಡ್ ಜಿಲ್ಲಾ ಕೋರ್ಟಿನಲ್ಲಿ ದಾಖಲಾಯಿತು. ತೋಟವಾರು 452 ಗುಲಾಮರ ಹೆಸರು, ವಯಸ್ಸು. ಎಲ್ಲರನ್ನೂ ಒಮ್ಮೆಗೇ ಅಲ್ಲ, ಪ್ರತಿ ಜನವರಿಯಲ್ಲಿ 15 ಜನರಂತೆ ಬಿಡುವುದು. ಮಕ್ಕಳಿಗೆ ಪ್ರಾಯ ತುಂಬಿದಾಗ ಬಿಡುಗಡೆ. ಅಂತರ್ಯುದ್ಧಕ್ಕೆ ಮುಂಚೆ ಅಮೆರಿಕದಲ್ಲಿ ಒಬ್ಬ ವ್ಯಕ್ತಿ ಮಾಡಿದ ಅತಿ ದೊಡ್ಡ ಬಿಡುಗಡೆ ಇದೆಂದು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. 1799ರಲ್ಲಿ ಜಾರ್ಜ್ ವಾಷಿಂಗ್ಟನ್ ಉಯಿಲಿನಲ್ಲಿ ಬಿಡುಗಡೆ ಬರೆದಿಟ್ಟದ್ದು 123 ಜನರಿಗೆ.

ನೆರೆಹೊರೆಯ ಧಣಿಗಳಿಗೆ ಇದು ಹಿಡಿಸಲಿಲ್ಲ. ನೀನು ಗುಲಾಮರನ್ನು ಬಿಡುವುದೂ ಒಂದೇ, ಪಕ್ಕದವರ ಮನೆ ಸುಟ್ಟರೂ ಚಿಂತೆಯಿಲ್ಲವೆಂದು ನಿನ್ನ ಮನೆಗೆ ಬೆಂಕಿ ಇಡುವುದೂ ಒಂದೇ ಎಂಬ ಅರ್ಥದ ಹೆಸರಿಲ್ಲದ ಪತ್ರವೊಂದು ಅವನಿಗೆ ಬಂತು. ಅವನು ಜಗ್ಗಲಿಲ್ಲ. ಬಿಡುಗಡೆಯಾದ ಕೆಲವರಿಗೆ ತನ್ನ ಭೂಮಿಯನ್ನೇ ಗೇಣಿಗೆ ಕೊಟ್ಟ. 1793ರಲ್ಲಿ ವರ್ಜೀನಿಯಾ ಬಿಟ್ಟು ಬಾಲ್ಟಿಮೋರಿಗೆ ಹೋದ. ಉಳಿದ ಕೆಲಸವನ್ನು ಬೆಂಜಮಿನ್ ಡಾಸನ್ ಎಂಬ ಬ್ಯಾಪ್ಟಿಸ್ಟ್ ಪಾದ್ರಿಗೆ ವಹಿಸಿದ. 1804ರಲ್ಲಿ ಕಾರ್ಟರ್ ಸತ್ತ ಮೇಲೂ, ವಾರಸುದಾರರ ವಿರೋಧದ ನಡುವೆ, ಡಾಸನ್ ಬಿಡುಗಡೆ ಪತ್ರಗಳನ್ನು ದಾಖಲು ಮಾಡಿಸುತ್ತಲೇ ಇದ್ದ.

ಮಕ್ಕಳು ಅಪ್ಪನ ದಾರಿ ಹಿಡಿಯಲಿಲ್ಲ. ಗುಲಾಮಗಿರಿಯ ಗಾಳಿ ಸೋಕದಿರಲಿ ಎಂದು ಜಾರ್ಜ್ ಎಂಬ ಮಗನನ್ನು ದೂರದ ರೋಡ್ ಐಲೆಂಡಿಗೆ ಓದಲು ಕಳಿಸಿದ್ದ. ಅದೇ ಜಾರ್ಜ್ ಲೌಡನ್ ಕೌಂಟಿಯಲ್ಲಿ ಓಟ್‌ಲ್ಯಾಂಡ್ಸ್ ಎಂಬ ಎಸ್ಟೇಟ್ ಕಟ್ಟಿ ಗುಲಾಮರನ್ನು ಕೂಡಿಹಾಕಿದ. ಅಂತರ್ಯುದ್ಧದ ಹೊತ್ತಿಗೆ ಆ ಕೌಂಟಿಯಲ್ಲಿ ಅತಿ ಹೆಚ್ಚು ಗುಲಾಮರಿದ್ದ ಎಸ್ಟೇಟ್ ಅದೇ. ಅಪ್ಪನ ಶವವನ್ನು ನೊಮಿನಿ ಹಾಲ್‌ಗೆ ತಂದು ಹೂಳಿದರು, ಗುರುತಿನ ಕಲ್ಲು ಹಾಕಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದಲ್ಲಿ ವಂಶಾವಳಿಯ ಹುಚ್ಚು ಹಬ್ಬಿ, ಹಳೆಯ ಮನೆತನಗಳ ಸಂಘಗಳು ಹುಟ್ಟಿಕೊಂಡವು. ಅವರ ಪುಸ್ತಕಗಳಲ್ಲಿ ಮೆರೆದವರು ದೊರೆ ಕಾರ್ಟರ್ ಮತ್ತು ಜನರಲ್ ಲೀ. ಕೈಯಾರೆ ಆಸ್ತಿ ಬಿಟ್ಟುಕೊಟ್ಟವನನ್ನು ಹಿರಿಯನೆಂದು ಹೇಳಿಕೊಳ್ಳುವುದರಲ್ಲಿ ಅವರಿಗೆ ಯಾವ ಲಾಭವೂ ಕಂಡಿರಲಾರದು. ಆಂಡ್ರ್ಯೂ ಲೆವಿ ಎಂಬ ಲೇಖಕ ಅವನ ಬಗ್ಗೆ ಇಡೀ ಪುಸ್ತಕ ಬರೆದದ್ದು 2005ರಲ್ಲಿ.

ಆ 452 ಹೆಸರುಗಳ ಬೆಲೆ ತಿಳಿಯಬೇಕಾದರೆ ಅಮೆರಿಕದ ಕಪ್ಪು ಜನ ತಮ್ಮ ಬೇರು ಹುಡುಕುವಾಗ ಎದುರಾಗುವ ತಡೆ ಏನೆಂಬುದು ಗೊತ್ತಿರಬೇಕು. 1850 ಮತ್ತು 1860ರ ಜನಗಣತಿಯಲ್ಲಿ ಗುಲಾಮರಿಗೆ ಹೆಸರಿಲ್ಲ. ಧಣಿಯ ಹೆಸರಿನ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಬಣ್ಣ, ಅಷ್ಟೇ. ಎಲ್ಲರ ಹೆಸರೂ ಬಂದದ್ದು 1870ರಲ್ಲಿ. ಹೆಚ್ಚಿನ ಕುಟುಂಬಗಳ ಹುಡುಕಾಟ ಆ ವರ್ಷಕ್ಕೆ ನಿಂತುಬಿಡುತ್ತದೆ.

ಕಾರ್ಟರ್ ಬಿಡಿಸಿದವರ ವಂಶಸ್ಥರಿಗೆ ಹಾಗಲ್ಲ. 1870ರಿಂದ ಹಿಂದಕ್ಕೆ 1850ರ ಗಣತಿಗೆ ಹೋದರೆ ಸ್ವತಂತ್ರರ ಪಟ್ಟಿಯಲ್ಲಿ ಮನೆಮಂದಿಯ ಹೆಸರೆಲ್ಲ ಇದೆ. ಇನ್ನೂ ಹಿಂದಕ್ಕೆ ಕೌಂಟಿಗಳ ರಿಜಿಸ್ಟರುಗಳಿವೆ. ಸ್ವತಂತ್ರ ಕಪ್ಪು ಜನ ಕೋರ್ಟಿನಲ್ಲಿ ಹೆಸರು ಬರೆಸಬೇಕೆಂದು 1793ರಲ್ಲಿ ಕಾನೂನಾಯಿತು. ಅವಮಾನಕ್ಕೆಂದೇ ಮಾಡಿದ ನಿಯಮ. ಆದರೆ ಗುಮಾಸ್ತ ವಯಸ್ಸು, ಎತ್ತರ, ಮೈಮೇಲಿನ ಗಾಯದ ಗುರುತು, ಬಿಡುಗಡೆ ಹೇಗೆ ಸಿಕ್ಕಿತು ಎಂಬುದನ್ನೆಲ್ಲ ಬರೆದಿಟ್ಟ. ಬಿಡುಗಡೆಯಾದವರೆಲ್ಲ ಕಾರ್ಟರ್ ಎಂಬ ಹೆಸರನ್ನೇ ಇಟ್ಟುಕೊಂಡರು ಎಂದು ಭಾವಿಸಿ ಹುಡುಕಿದರೆ ದಾರಿ ತಪ್ಪುತ್ತದೆ. ಅನೇಕರಿಗೆ ಧಣಿಯ ಲೆಕ್ಕದ ಪುಸ್ತಕಕ್ಕೆ ಬಾರದ ತಮ್ಮದೇ ಮನೆತನದ ಹೆಸರುಗಳಿದ್ದವು.

ರಿಜಿಸ್ಟರಿನಿಂದ ದಾನಪತ್ರಕ್ಕೆ ಬಂದರೆ ಒಂದು ರಾಶಿಯ ತೋಟ, ಒಂದು ಹೆಸರು, ಒಂದು ವಯಸ್ಸು. ಅಲ್ಲಿಂದ 1733ರ ಪಟ್ಟಿಗೆ 58 ವರ್ಷ. ಅಂದು ದೊರೆಯ ಪಟ್ಟಿಯಲ್ಲಿ ತಾಯಿಯ ಪಕ್ಕದಲ್ಲಿದ್ದ ಐದು ವರ್ಷದ ಮಗು ಬದುಕಿದ್ದರೆ, ಮೊಮ್ಮಗನ ದಾನಪತ್ರದ ಹೊತ್ತಿಗೆ 63ರ ಪ್ರಾಯ. ಗುಲಾಮರಲ್ಲಿ ಮಕ್ಕಳಿಗೆ ಅಜ್ಜ ಅಜ್ಜಿಯರ ಹೆಸರಿಡುವ ಪದ್ಧತಿ ಇದ್ದುದನ್ನು ವಿದ್ವಾಂಸರು ಗುರುತಿಸಿದ್ದಾರೆ. ಆದ್ದರಿಂದ ಈಗ ಹುಡುಕುವವರು ಎರಡೂ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಮೊದಲನೆಯದರಲ್ಲಿ ಅಜ್ಜಿಯಾಗಿದ್ದವಳ ಹೆಸರು ಎರಡನೆಯದರ ಯಾವ ತೋಟದಲ್ಲಿ ಮಗುವಾಗಿ ಬಂದಿದೆ ಎಂದು ನೋಡುತ್ತಾರೆ.